ಕಟ್ಟಡಕ್ಕೆ ಕಾಯಿಲೆ ಬಂದಾಗ ಗ್ರೂಪಿನಲ್ಲಿ ಏನು ಬರೆಯಬೇಕು

2024ರ ಮೇ ತಿಂಗಳು, ಒಂದು ಶನಿವಾರ ರಾತ್ರಿ ಹನ್ನೊಂದೂಕಾಲು. ನಮ್ಮ ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗ್ರೂಪಿಗೆ ನಾನು ಹೀಗೆ ಬರೆದೆ: ‘ಆತಂಕ ಬೇಡ. ನಮ್ಮ ನೀರು ಸುರಕ್ಷಿತವಾಗಿದೆ. ವದಂತಿ ಹರಡಬೇಡಿ. ಇಂತಿ, ಕಾರ್ಯದರ್ಶಿ.’

ಆಗ ನೀರಿನ ಪರೀಕ್ಷೆ ಆಗಿರಲೇ ಇಲ್ಲ. ಮೂರು ಮನೆಯ ಮಕ್ಕಳಿಗೆ ವಾಂತಿ ಭೇದಿ ಅಂತ ಮಾತ್ರ ಗೊತ್ತಿತ್ತು. ಎಲ್ಲೋ ಹೊರಗೆ ತಿಂದಿರಬೇಕು ಅಂದುಕೊಂಡೆ. ಭಾನುವಾರ ಸಂಜೆ ಹೊತ್ತಿಗೆ ಹನ್ನೊಂದು ಮನೆ. ಸೋಮವಾರ ಬೆಳಿಗ್ಗೆ ಇಪ್ಪತ್ತಾರು ಜನ, ಅವರಲ್ಲಿ ನಾಲ್ವರಿಗೆ ಆಸ್ಪತ್ರೆಯಲ್ಲಿ ಡ್ರಿಪ್. ಅಷ್ಟರಲ್ಲಿ ನನ್ನ ಮೆಸೇಜಿನ ಸ್ಕ್ರೀನ್‌ಶಾಟ್ ಪಕ್ಕದ ಎರಡು ಲೇಔಟ್ ಸುತ್ತಿ, ಜಯನಗರದಲ್ಲಿರುವ ನನ್ನ ತಂಗಿಯ ಫೋನಿನಿಂದ ನನಗೇ ವಾಪಸ್ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ವಾಟ್ಸಾಪ್‌ನಲ್ಲಿ ಆಡಿದ ಮಾತು ಹೋಗುವುದೂ ಇಲ್ಲ. ಅಲ್ಲೇ ಕೂತಿರುತ್ತದೆ.

ನಾಚಿಕೆಯ ವಿಷಯ ಏನೆಂದರೆ ಇದು ನನ್ನ ಕಸುಬು. ಹತ್ತೊಂಬತ್ತು ವರ್ಷ ಒಂದು ಕಾರ್ಖಾನೆಯ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿದ್ದೆ. ಪತ್ರಿಕಾ ಪ್ರಕಟಣೆ, ಕ್ಯಾಂಟೀನ್ ಗಲಾಟೆ, ಯೂನಿಯನ್ ಜೊತೆ ಮಧ್ಯರಾತ್ರಿಯ ಮಾತುಕತೆ ಎಲ್ಲ ಕಂಡವಳು. ನಿವೃತ್ತಿ ತಗೊಂಡು ಬೆಂಗಳೂರಿನ ಕನಕಪುರ ರಸ್ತೆ ಪಕ್ಕದ ಈ 164 ಮನೆಯ ಕಟ್ಟಡಕ್ಕೆ ಬಂದೆ. ‘ನಿಮಗೆ ಅನುಭವ ಇದೆ ಮೇಡಂ’ ಎಂಬ ಒಂದು ಮಾತಿಗೆ ಉಬ್ಬಿ ಕಾರ್ಯದರ್ಶಿಯಾದೆ. ಆಮೇಲೆ ಆದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಈಗ ಬೇರೆ ಸಂಘದವರು ಫೋನ್ ಮಾಡಿ ಕೇಳುತ್ತಾರೆ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ. ಶಾಲೆ, ಪಿಜಿ, ಕಲ್ಯಾಣ ಮಂಟಪ ನಡೆಸುವವರಿಗೂ ಇದು ಹೊಂದುತ್ತದೆ.

ಕಾಯಿಲೆ ಒಂದು, ಸಿಟ್ಟು ಇನ್ನೊಂದು

ಪೀಟರ್ ಸ್ಯಾಂಡ್‌ಮನ್ ಅಂತ ಅಮೆರಿಕದ ಒಬ್ಬ ತಜ್ಞ. ಜನ ಅಪಾಯವನ್ನು ಅಳೆಯುವಾಗ ಹಾನಿ ಎಷ್ಟು ಅಂತಷ್ಟೇ ನೋಡುವುದಿಲ್ಲ, ಅದಕ್ಕೆ ಸಿಟ್ಟನ್ನೂ ಕೂಡಿಸಿಕೊಳ್ಳುತ್ತಾರೆ ಎನ್ನುತ್ತಾರೆ ಅವರು. ತರಬೇತಿಗಳಲ್ಲಿ ಈ ಮಾತು ನೂರು ಸಲ ಕೇಳಿದ್ದೆ. ಅರ್ಥ ಆಗಿದ್ದು ಆ ಸೋಮವಾರ. ನಮ್ಮಲ್ಲಿ ಹೆಚ್ಚಿನವರು ಮೂರು ದಿನದಲ್ಲಿ ಹುಷಾರಾದರು. ಆದರೆ ‘ನಮಗೆ ಯಾಕೆ ಹೇಳಲಿಲ್ಲ’ ಎಂಬ ಸಿಟ್ಟು ಮೂರು ತಿಂಗಳಾದರೂ ಇಳಿಯಲಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಟ್ಯಾಂಕ್ ತೊಳೆದರೆ ಸಿಟ್ಟು ತೊಳೆದು ಹೋಗುವುದಿಲ್ಲ.

ಆದ್ದರಿಂದ ಮೊದಲ ದಿನವೇ ಇಬ್ಬರನ್ನು ಬೇರೆ ಮಾಡಿ. ಒಬ್ಬರು ನೀರು, ಲ್ಯಾಬು, ಪ್ಲಂಬರ್ ನೋಡಿಕೊಳ್ಳಲಿ. ಇನ್ನೊಬ್ಬರು ಬರೀ ಜನರ ಜೊತೆ ಮಾತಾಡಲಿ. ಎರಡನ್ನೂ ಒಬ್ಬರೇ ಹೊತ್ತರೆ ಎರಡೂ ಕೆಡುತ್ತವೆ. ಜನರ ಜೊತೆ ಮಾತಾಡುವ ಆಸಾಮಿಗೆ ನಿಧಾನ ಇರಬೇಕು, ಹುದ್ದೆ ಇರಬೇಕಾಗಿಲ್ಲ. ನಮ್ಮ ಅಧ್ಯಕ್ಷರು ಒಳ್ಳೆಯವರು, ಆದರೆ ಎರಡನೇ ಪ್ರಶ್ನೆಗೇ ಧ್ವನಿ ಏರಿಸುತ್ತಾರೆ. ಅವರನ್ನು ಪ್ಲಂಬರ್ ಜೊತೆ ಕಳಿಸಿದೆ.

ಮೊದಲ ಮೆಸೇಜು

ಸೋಮವಾರ ಕಮಿಟಿಯಲ್ಲಿ ಜಗಳವೇ ಆಯಿತು. ಲ್ಯಾಬ್ ರಿಪೋರ್ಟ್ ಬರಲಿ, ಆಮೇಲೆ ಹೇಳೋಣ ಎಂದರು ಖಜಾಂಚಿ. ಬಾಡಿಗೆಗೆ ಬರುವವರು ಹಿಂದೆ ಸರಿಯುತ್ತಾರೆ, ಫ್ಲ್ಯಾಟಿನ ಬೆಲೆ ಬೀಳುತ್ತದೆ ಎಂಬ ಭಯ ಅವರಿಗೆ. ಲಾಯರ್ ಒಬ್ಬರು, ತಪ್ಪು ಅಂತ ಬರವಣಿಗೆಯಲ್ಲಿ ಒಪ್ಪಿಕೊಂಡರೆ ನಾಳೆ ಕೇಸ್ ಹಾಕ್ತಾರೆ ಅಂದರು. ನಾನು ಕೇಳಿದ್ದು ಒಂದೇ: ರಿಪೋರ್ಟ್ ಬರಲು ಎರಡು ದಿನ. ಆ ಎರಡು ದಿನ ಮಕ್ಕಳು ಹಲ್ಲುಜ್ಜುವುದು ಯಾವ ನೀರಲ್ಲಿ?

ನೀರಲ್ಲಿ ಕೊಳಚೆ ಸೇರಿದೆಯಾ ಎಂದು ನೋಡಲು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು. ಅದಕ್ಕೆ 24ರಿಂದ 48 ಗಂಟೆ ಬೇಕೇ ಬೇಕು, ಎಷ್ಟು ಬೈದರೂ ಬೇಗ ಬೆಳೆಯುವುದಿಲ್ಲ. ಅಂದರೆ ಮೊದಲ ಮೆಸೇಜು ಯಾವಾಗಲೂ ಪೂರ್ತಿ ಗೊತ್ತಾಗುವ ಮೊದಲೇ ಹೋಗಬೇಕಾಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ. ನಾನು ಆ ಮಧ್ಯಾಹ್ನ ಕಳಿಸಿದ್ದು ಇದು:

‘ಇವತ್ತು ಮಧ್ಯಾಹ್ನ 12ರವರೆಗೆ 26 ಜನರಿಗೆ ವಾಂತಿ ಭೇದಿ ಆಗಿದೆ ಎಂದು ತಿಳಿದಿದೆ. ನಾಲ್ವರು ಆಸ್ಪತ್ರೆಯಲ್ಲಿದ್ದಾರೆ. ಕಾರಣ ಇನ್ನೂ ಗೊತ್ತಿಲ್ಲ. ನೀರಿನ ಮೇಲೆ ಅನುಮಾನ ಇದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವುದನ್ನು 11ಕ್ಕೆ ನಿಲ್ಲಿಸಿದ್ದೇವೆ. ನಾಲ್ಕು ಕಡೆಯ ನೀರು ಲ್ಯಾಬಿಗೆ ಹೋಗಿದೆ, ಫಲಿತಾಂಶ ಬುಧವಾರ. ಅಲ್ಲಿಯವರೆಗೆ ನಲ್ಲಿ ನೀರು ಬಾಯಿಗೆ ಹೋಗಬಾರದು. ಕುಡಿಯುವ ಕ್ಯಾನ್ 2 ಗಂಟೆಗೆ ಪ್ರತಿ ಮನೆ ಬಾಗಿಲಿಗೆ ಬರುತ್ತದೆ. ಶನಿವಾರ ನಾನು ನೀರು ಸುರಕ್ಷಿತ ಎಂದು ಬರೆದದ್ದು ತಪ್ಪು. ಪರೀಕ್ಷೆ ಮಾಡಿಸದೆ ಬರೆದೆ. ಕ್ಷಮಿಸಿ. ಮುಂದಿನ ಸುದ್ದಿ ಸಂಜೆ 7ಕ್ಕೆ, ಹೊಸದೇನೂ ಇಲ್ಲದಿದ್ದರೂ.’

ಇದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಕೊನೆಯ ಎರಡು ಪದ. ಹೊಸದೇನೂ ಇಲ್ಲದಿದ್ದರೂ. ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಅಂತ ಗೊತ್ತಿದ್ದರೆ ಜನ ಕಾಯುತ್ತಾರೆ. ಗೊತ್ತಿಲ್ಲದಿದ್ದರೆ ತಾವೇ ಸುದ್ದಿ ಮಾಡುತ್ತಾರೆ. ಹದಿನೆಂಟು ದಿನ ಸಂಜೆ ಏಳಕ್ಕೆ ನಾನು ಬರೆದೆ. ಆರು ದಿನ ಬರೆಯಲು ನಿಜಕ್ಕೂ ಏನೂ ಇರಲಿಲ್ಲ. ‘ಇವತ್ತು ಹೊಸ ಕೇಸ್ ಇಲ್ಲ, ಸಂಪಿನ ಕೆಲಸ ನಡೀತಿದೆ’ ಅಷ್ಟೇ. ಒಂದು ದಿನ ಮಾತ್ರ ಮೊಮ್ಮಗಳ ಹುಟ್ಟುಹಬ್ಬದ ಗಲಾಟೆಯಲ್ಲಿ ಏಳೂವರೆ ಆಯಿತು. ಆ ಅರ್ಧ ಗಂಟೆಯಲ್ಲಿ ಬಿ ಬ್ಲಾಕಿನಲ್ಲಿ ಯಾರೋ ಸತ್ತೇಹೋಗಿದ್ದರು! ಯಾರೂ ಸತ್ತಿರಲಿಲ್ಲ, ಆಂಬುಲೆನ್ಸ್ ಬಂದಿದ್ದು ಹೆರಿಗೆಗೆ.

ಹೋಲಿಕೆಗೆ 2025ರ ಜನವರಿ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಎರಡು ಎಳೆ ಮಕ್ಕಳಲ್ಲಿ ಎಚ್‌ಎಂಪಿವಿ ಎಂಬ, ಶೀತ ಕೆಮ್ಮು ತರುವ ವೈರಸ್ ಕಂಡಿತು. ಟಿವಿಯಲ್ಲಿ ಇನ್ನೇನು ಲಾಕ್‌ಡೌನ್ ಬಂತು ಎನ್ನುವ ಹಾಗೆ ಕೆಂಪು ಅಕ್ಷರ. ಇದು ಹೊಸ ವೈರಸ್ ಅಲ್ಲ, 2001ರಿಂದಲೂ ಗೊತ್ತಿರುವುದು, ಒಂದು ಮಗು ಆಗಲೇ ಮನೆಗೆ ಹೋಗಿದೆ, ಇನ್ನೊಂದು ಚೇತರಿಸಿಕೊಳ್ಳುತ್ತಿದೆ ಎಂಬ ಮಾತು ಬೇಗ ಹೊರಬಂತು. ಗಾಬರಿ ಇಳಿಸಿದ್ದು ಈ ವಿವರಗಳು. ‘ಗಾಬರಿ ಬೇಡ’ ಎಂಬ ಎರಡು ಪದ ಯಾರ ಗಾಬರಿಯನ್ನೂ ಇಳಿಸಿದ್ದು ನಾನು ನೋಡಿಲ್ಲ. ಅದನ್ನು ಓದಿದ ತಕ್ಷಣ ನನಗಂತೂ ಎದೆ ಧಸಕ್ ಅನ್ನುತ್ತದೆ.

ಬಿಸಿನೀರು ಬೇರೆ, ಕುದಿಸಿದ ನೀರು ಬೇರೆ

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ‘ಬಿಸಿನೀರು ಕುಡಿಯಿರಿ’ ಅಂತ ನಾವೆಲ್ಲ ಬಾಯಿಮಾತಿಗೆ ಹೇಳುತ್ತೇವೆ. ಕೇಳಿದವರು ನಲ್ಲಿ ನೀರನ್ನು ಉಗುರು ಬೆಚ್ಚಗೆ ಮಾಡಿ ಕುಡಿಯುತ್ತಾರೆ. ಅದರಿಂದ ಬ್ಯಾಕ್ಟೀರಿಯಾಕ್ಕೆ ಹಿತವಾದ ಸ್ನಾನ ಆಗುತ್ತದೆ ಅಷ್ಟೇ. ‘ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಯಿರಿ’ ಎಂದು ಬರೆಯಬೇಕು.

‘ಕುಡಿಯಬೇಡಿ’ ಎನ್ನುವುದೂ ಸಾಲದು. ನಮ್ಮಲ್ಲಿ ಹೆಚ್ಚಿನ ಮನೆಯಲ್ಲಿ ಆರ್‌ಓ ಫಿಲ್ಟರ್ ಇದೆ. ನಾವು ಫಿಲ್ಟರ್ ನೀರೇ ಕುಡಿಯೋದು, ಆದರೂ ಹೇಗೆ ಬಂತು ಅಂತ ಕೇಳಿದವರೇ ಜಾಸ್ತಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ನಲ್ಲಿ ನೀರಲ್ಲಿ. ಕೊತ್ತಂಬರಿ ಸೊಪ್ಪು ತೊಳೆಯುವುದು, ಕೋಸಂಬರಿಗೆ ಸೌತೆಕಾಯಿ ತೊಳೆಯುವುದು ನಲ್ಲಿ ನೀರಲ್ಲಿ. ಮೂರನೇ ಮಹಡಿಯ ಎಂಬತ್ತು ವರ್ಷದ ಅಜ್ಜಿ ಮಾತ್ರ ಒಗಟಾಗಿದ್ದರು. ಕುದಿಸಿದ ನೀರೇ ಕುಡಿಯುತ್ತಿದ್ದರು, ಹೊರಗಿನದು ಮುಟ್ಟುತ್ತಿರಲಿಲ್ಲ, ಆದರೂ ಭೇದಿ. ಕೊನೆಗೆ ಅವರ ಸೊಸೆ ಕಂಡುಹಿಡಿದರು: ತೀರ್ಥ. ದೇವರ ಮುಂದಿನ ಪಂಚಪಾತ್ರೆಗೆ ದಿನಾ ಬೆಳಿಗ್ಗೆ ಹಿಡಿಯುತ್ತಿದ್ದದ್ದು ನಲ್ಲಿಯಿಂದ, ಕುದಿಸಿದ್ದು ಮಡಿಗೆ ಬರುವುದಿಲ್ಲ ಅಂತ. ಮರುದಿನದಿಂದ ಮೆಸೇಜಿನಲ್ಲಿ ‘ಹಲ್ಲುಜ್ಜಲು, ಸೊಪ್ಪು ತೊಳೆಯಲು, ತೀರ್ಥಕ್ಕೆ ಕೂಡ ಕ್ಯಾನ್ ನೀರು’ ಎಂದು ಸೇರಿಸಿದೆ. ಇಂಥ ಸಾಲು ಯಾವ ಸರ್ಕಾರಿ ಕರಪತ್ರದಲ್ಲೂ ಸಿಗುವುದಿಲ್ಲ. ನಿಮ್ಮ ಕಟ್ಟಡದ ಅಡುಗೆಮನೆ, ದೇವರಮನೆ ನಿಮಗೇ ಗೊತ್ತಿರಬೇಕು.

ಓಆರ್‌ಎಸ್ ಕೂಡ ಹಾಗೆ. ಒಂದು ಲೀಟರಿಗೆ ಕಲಸಬೇಕಾದ ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಮಗುವಿಗೆ ಕೊಟ್ಟವರಿದ್ದರು. ಅದು ಒಳ್ಳೆಯದಲ್ಲ, ಉಪ್ಪು ವಿಪರೀತ ಆಗುತ್ತದೆ. 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಸಿಗುತ್ತದೆ, ಎರಡೂ ನೋಡಲು ಒಂದೇ ಥರ. ನಾನು ಲೀಟರ್ ಬಾಟಲಿ ಪಕ್ಕ ದೊಡ್ಡ ಪೊಟ್ಟಣ ಇಟ್ಟು ಫೋಟೋ ತೆಗೆದು ಹಾಕಿದೆ. ಬರೆದದ್ದಕ್ಕಿಂತ ಫೋಟೋ ಬೇಗ ಮುಟ್ಟಿತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾಯಿಲೆ ಬಂದ ಎರಡನೇ ದಿನಕ್ಕೆ ಜನರಿಗೆ ಒಬ್ಬ ಅಪರಾಧಿ ಬೇಕು. ನಮ್ಮಲ್ಲಿ ಮೊದಲು ಸಿಕ್ಕಿದ್ದು ಮನೆಗೆಲಸದವರು. ‘ಅವರ ಏರಿಯಾದಿಂದ ತಂದಿರ್ತಾರೆ, ಹದಿನೈದು ದಿನ ಒಳಗೆ ಬಿಡಬೇಡಿ’ ಅಂತ ಒಂದು ಮೆಸೇಜು, ಅದಕ್ಕೆ ನಲವತ್ತು ಹೆಬ್ಬೆರಳು. ಕೋವಿಡ್ ಕಾಲದಲ್ಲೂ ಇದೇ ಹಾಡು ಹಾಡಿದ್ದೆವು. ವಿಮಾನದಲ್ಲಿ ಬಂದ ಕಾಯಿಲೆಗೆ ಸೈಕಲ್ಲಿನಲ್ಲಿ ಬರುವವರನ್ನು ಗೇಟಿನಲ್ಲಿ ನಿಲ್ಲಿಸಿದ್ದು.

ನಾನು ಕೆಳಗೆ ಹೋಗಿ ಸೆಕ್ಯೂರಿಟಿಯವರನ್ನು ಕೇಳಿದೆ, ನಿಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲವಾ ಅಂತ. ಸಂಪಿನ ಪಕ್ಕದ ಕೋಣೆಯಲ್ಲಿ ಸಂಸಾರ ಇಟ್ಟಿರುವ ಗಾರ್ಡ್ ಹೇಳಿದರು, ‘ಮಗೂಗೆ ಗುರುವಾರದಿಂದ ಭೇದಿ ಮೇಡಂ.’ ಗುರುವಾರ! ನನ್ನ ಮೆಸೇಜಿಗೆ ಎರಡು ದಿನ ಮೊದಲು. ಅವರು ಕುಡಿಯುತ್ತಿದ್ದದ್ದು ಗಾರ್ಡನ್ ನಲ್ಲಿಯಿಂದ, ಫಿಲ್ಟರ್ ಇಲ್ಲದೆ. ಯಾರಾದರೂ ಕೇಳಿದ್ದರೆ ಗುರುವಾರವೇ ನಮಗೆ ಗೊತ್ತಾಗುತ್ತಿತ್ತು. ಅವತ್ತಿನಿಂದ ನಮ್ಮ ಪಟ್ಟಿಯಲ್ಲಿ 164 ಮನೆಯ ಜೊತೆ ಗಾರ್ಡ್, ಹೌಸ್‌ಕೀಪಿಂಗ್, ಮನೆಗೆಲಸದವರು, ಡ್ರೈವರ್‌ಗಳೂ ಇದ್ದಾರೆ. ಅವರಿಗೂ ನೀರಿನ ಕ್ಯಾನ್. ಅವರಿಗೆ ಇಂಗ್ಲಿಷ್ ಮೆಸೇಜು ಬೇಡ, ಕನ್ನಡ, ತಮಿಳು, ಹಿಂದಿಯಲ್ಲಿ ಒಂದೊಂದು ನಿಮಿಷದ ವಾಯ್ಸ್ ನೋಟ್. ತಮಿಳಿನದ್ದನ್ನು ಏಳನೇ ಮಹಡಿಯ ಒಬ್ಬ ಹುಡುಗಿ ಮಾಡಿಕೊಟ್ಟಳು, ನನ್ನ ಕನ್ನಡಕ್ಕಿಂತ ಚೆನ್ನಾಗಿತ್ತು.

ಎರಡನೇ ಅಪರಾಧಿ ಟ್ಯಾಂಕರಿನವರು. ಆ ಬೇಸಿಗೆ ನಿಮಗೆ ನೆನಪಿರಬೇಕು. ಬೋರ್‌ವೆಲ್ ಒಣಗಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದು, ಮಾರ್ಚ್‌ನಲ್ಲಿ ಜಿಲ್ಲಾಡಳಿತ 12,000 ಲೀಟರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಿದ್ದು. ಟ್ಯಾಂಕರಿನವರ ಮೇಲೆ ಜನರಿಗೆ ಮೊದಲೇ ಕೋಪ. ನಮ್ಮ ಗ್ರೂಪಿನಲ್ಲಿ ಯಾರೋ ಅವರ ಫೋನ್ ನಂಬರ್ ಹಾಕಿ ‘ಕೆರೆ ನೀರು ತಂದು ಸುರಿದ’ ಎಂದು ಬರೆದರು. ಆ ಮನುಷ್ಯನಿಗೆ ಒಂದೇ ರಾತ್ರಿ ಮೂವತ್ತು ಕರೆ ಹೋದವಂತೆ. ಬುಧವಾರ ರಿಪೋರ್ಟ್ ಬಂತು. ಟ್ಯಾಂಕರ್ ನೀರು ಸರಿಯಾಗಿತ್ತು. ಸಂಪಿನ ನೀರಲ್ಲಿ ಕೊಳಚೆಯ ಬ್ಯಾಕ್ಟೀರಿಯಾ. ಸಂಪು ಖಾಲಿ ಮಾಡಿ ಟಾರ್ಚ್ ಬಿಟ್ಟು ನೋಡಿದಾಗ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು. ಆಚೆ ಎರಡು ಅಡಿಯಲ್ಲಿ ನಮ್ಮದೇ ಒಳಚರಂಡಿ ಚೇಂಬರ್. ಮೊದಲ ಮಳೆಗೆ ಅದು ತುಂಬಿ ಈ ಕಡೆ ಜಿನುಗಿತ್ತು.

ಬೈದದ್ದು ಎಲ್ಲಿಯೋ ಕ್ಷಮೆಯೂ ಅಲ್ಲೇ ಕೇಳಬೇಕು. ಖಾಸಗಿಯಾಗಿ ಫೋನ್ ಮಾಡಿ ಸಾರಿ ಎಂದರೆ ಅದು ಲೆಕ್ಕಕ್ಕಿಲ್ಲ. ಅದೇ ಗ್ರೂಪಿನಲ್ಲಿ, ಅಷ್ಟೇ ದೊಡ್ಡದಾಗಿ, ಸಂಘದ ಹೆಸರಿನಲ್ಲಿ ಬರೆದೆವು. ಇದಕ್ಕೆ ನನ್ನ ಕಣ್ಣ ಮುಂದಿದ್ದ ಮಾದರಿ 2020ರ ಜುಲೈದು. ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕೋವಿಡ್ ಬಂತೆಂದು ಪಾಲಿಕೆಯವರು ಎರಡು ಮನೆಯ ಬಾಗಿಲಿಗೆ ತಗಡು ಹೊಡೆದರು. ಒಂದು ಮನೆಯಲ್ಲಿ ಎರಡು ಪುಟ್ಟ ಮಕ್ಕಳ ಜೊತೆ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಫೋಟೋ ಊರೆಲ್ಲ ಹರಡಿತು. ಆಗಿನ ಬಿಬಿಎಂಪಿ (ಬೆಂಗಳೂರು ಮಹಾನಗರ ಪಾಲಿಕೆ) ಆಯುಕ್ತ ಮಂಜುನಾಥ ಪ್ರಸಾದ್ ತಗಡು ತೆಗೆಸಿ, ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಮೊದಲು ತಗಡು ತೆಗೆದದ್ದು, ಆಮೇಲೆ ಕ್ಷಮೆ. ಆ ಕ್ರಮ ಗಮನಿಸಿ. ‘ಯಾರಿಗಾದರೂ ನೋವಾಗಿದ್ದರೆ’ ಅಂತ ಅಡ್ಡಗೋಡೆ ಮೇಲೆ ದೀಪ ಇಡುವ ಕ್ಷಮೆಗಿಂತ ಸುಮ್ನೆ ಇರುವುದೇ ವಾಸಿ.

ಬೇಸ್‌ಮೆಂಟಿನ ಸಭೆ

ಸಭೆ ಕರೆಯಲೇಬೇಕು. ಗ್ರೂಪಿನಲ್ಲಿ ಹುಲಿಯಾಗಿರುವವರು ಎದುರು ಕೂತಾಗ ಮನುಷ್ಯರಾಗುತ್ತಾರೆ. ನಮ್ಮದು ಮಂಗಳವಾರ ರಾತ್ರಿ ಎಂಟಕ್ಕೆ, ಬೇಸ್‌ಮೆಂಟಿನಲ್ಲಿ. ಕಮಿಟಿಯವರು ವೇದಿಕೆ ಥರ ಮೇಜು ಹಾಕಿಕೊಂಡು ಕೂರಲು ಹೊರಟಿದ್ದರು, ನಾನು ತೆಗೆಸಿದೆ. ಮೇಜು ಇದ್ದರೆ ಅದು ಕೋರ್ಟ್ ಆಗುತ್ತದೆ. ಕುರ್ಚಿಗಳನ್ನು ಗುಂಡಗೆ ಹಾಕಿ, ಎಲ್ಲರ ಜೊತೆ ಕೂತೆವು.

ಮೊದಲು ಮಾತು ಹುಷಾರಿಲ್ಲದ ಮನೆಯವರದ್ದು. ಒಬ್ಬ ತಂದೆ ಎದ್ದು ನಿಂತರು. ಏಳು ವರ್ಷದ ಮಗಳು ಆಸ್ಪತ್ರೆಯಲ್ಲಿದ್ದಳು. ‘ಶನಿವಾರ ರಾತ್ರಿ ನಿಮ್ಮ ಮೆಸೇಜ್ ನೋಡಿ, ನಲ್ಲಿ ನೀರಲ್ಲೇ ಅವಳಿಗೆ ಮಾತ್ರೆ ನುಂಗಿಸಿದೆ’ ಅಂದರು. ಆಮೇಲೆ ಇಡೀ ಬೇಸ್‌ಮೆಂಟಿನಲ್ಲಿ ಜನರೇಟರ್ ಸದ್ದು ಮಾತ್ರ. ನನ್ನ ಹತ್ತೊಂಬತ್ತು ವರ್ಷದ ಅನುಭವದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ‘ಹೌದು. ಅದು ನನ್ನ ತಪ್ಪು. ಅವಳು ಈಗ ಹೇಗಿದ್ದಾಳೆ?’ ಅಂದೆ. ಅವರು ಹೇಳಿದರು. ಊಟ ಮಾಡ್ತಿದ್ದಾಳೆ, ನಾಳೆ ಬಿಡಬಹುದು ಅಂತ. ಕೂತರು. ಅಲ್ಲಿ ನಾನು ‘ಆದರೆ’ ಅಂತ ಒಂದು ಪದ ಸೇರಿಸಿದ್ದರೂ ಸಭೆ ಮುರಿಯುತ್ತಿತ್ತು. ‘ಸಮಾಧಾನ ಮಾಡಿಕೊಳ್ಳಿ’ ಎನ್ನುವುದು ಅದಕ್ಕಿಂತ ಕೆಟ್ಟದ್ದು.

ಪ್ರತಿ ದೂರನ್ನೂ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ದೊಡ್ಡದಾಗಿ ಬರೆದೆವು. ಬರೆದದ್ದು ಕಂಡರೆ ಅದೇ ಮಾತನ್ನು ನಾಲ್ಕು ಸಲ ಕಿರುಚುವುದು ನಿಲ್ಲುತ್ತದೆ. ದುಡ್ಡಿನ ಪ್ರಶ್ನೆ, ಆಸ್ಪತ್ರೆ ಬಿಲ್ ಯಾರು ಕೊಡಬೇಕು ಎಂಬುದು, ಆ ರಾತ್ರಿ ತೀರ್ಮಾನ ಆಗುವಂಥದ್ದಲ್ಲ. ಹಾಗಂತ ಮುಂದೂಡಿದರೆ ಸಿಟ್ಟು. ನಾವು ದಿನಾಂಕ ಕೊಟ್ಟೆವು: ಬರುವ ಭಾನುವಾರ ಹನ್ನೊಂದಕ್ಕೆ, ದುಡ್ಡಿನ ವಿಷಯ ಒಂದೇ.

ಇನ್ನೊಂದು ಕೆಲಸ ತುಂಬ ಫಲ ಕೊಟ್ಟಿತು. ಸಂಪು ದುರಸ್ತಿಯಾಗಿ ಕ್ಲೋರಿನ್ ಹಾಕಿದ ಮೇಲೆ ದಿನಾ ಸಂಜೆ ಏಳಕ್ಕೆ ಲಾಬಿಯಲ್ಲಿ, ಎಲ್ಲರ ಎದುರು ನಲ್ಲಿ ನೀರಿನ ಪರೀಕ್ಷೆ. ಸಣ್ಣ ಗಾಜಿನ ಕೊಳವೆ, ಎರಡು ಹನಿ ದ್ರಾವಣ, ಕ್ಲೋರಿನ್ ಇದ್ದರೆ ನೀರು ಹಳದಿ. ಬಣ್ಣದ ಪಟ್ಟಿಯ ಜೊತೆ ಹೋಲಿಸಿದರೆ ಎಷ್ಟಿದೆ ಗೊತ್ತಾಗುತ್ತದೆ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಎಂಬುದು ಲೆಕ್ಕ. ಮೂರನೇ ದಿನದಿಂದ ಹನಿ ಹಾಕುವ ಕೆಲಸ ಮಕ್ಕಳೇ ಕಿತ್ತುಕೊಂಡರು. ಆಸ್ಪತ್ರೆಯಿಂದ ಬಂದ ಏಳು ವರ್ಷದವಳೂ ಇದ್ದಳು. ನಾನು ಹೇಳಿದ್ದನ್ನು ನಂಬದವರು ಮಕ್ಕಳು ‘ಹಳದಿ ಬಂತು’ ಎಂದು ಕೂಗಿದ್ದನ್ನು ನಂಬಿದರು.

ಮೊದಲೇ ಹೇಳಿಬಿಡಬೇಕಾದ ಕೆಟ್ಟ ಸುದ್ದಿ

ಟ್ಯಾಂಕ್ ತೊಳೆದ ಮೇಲೂ ಹೊಸ ಕೇಸ್ ಬರುತ್ತವೆ. ಕಾಯಿಲೆ ಮೈಯೊಳಗೆ ಹೊಕ್ಕು ಕಾಣಿಸಿಕೊಳ್ಳುವುದಕ್ಕೆ ಸಮಯ ಹಿಡಿಯುತ್ತದೆ. ಕಾಲರಾ ಆದರೆ ಕೆಲವೇ ಗಂಟೆಯಿಂದ ಐದು ದಿನ, ಟೈಫಾಯ್ಡ್ ಸಾಮಾನ್ಯವಾಗಿ ಒಂದರಿಂದ ಮೂರು ವಾರ, ಕಾಮಾಲೆ ತರುವ ಹೆಪಟೈಟಿಸ್ ಎ ಎರಡರಿಂದ ಏಳು ವಾರ. ಇದನ್ನು ತೊಳೆಯುವ ದಿನವೇ ಹೇಳಿದರೆ ಮಾಹಿತಿ. ಕೇಸ್ ಬಂದ ಮೇಲೆ ಹೇಳಿದರೆ ನೆಪ. ಮನೆ ಮನೆಗೆ ಹೋಗಿ ವಿಚಾರಿಸಲು ಶುರು ಮಾಡಿದ ದಿನ ಸಂಖ್ಯೆ ಏಕಾಏಕಿ ಏರುತ್ತದೆ, ಅದನ್ನೂ ಹಿಂದಿನ ದಿನವೇ ಹೇಳಿ.

ಆರೋಗ್ಯ ಸಿಬ್ಬಂದಿ ಮಾದರಿ ಕೇಳಲು ಬರುವ ಮೊದಲೂ ಹೇಳಿ: ಯಾರು ಬರುತ್ತಾರೆ, ಏನು ಕೇಳುತ್ತಾರೆ, ಯಾಕೆ. 2020ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ, ಬ್ಯಾಟರಾಯನಪುರದ ಕಡೆ, ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯರ ಮೇಲೆ ಕೈ ಮಾಡಿದ್ದರು. ಅದೇ ತಿಂಗಳು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗ ಕಾಯಿದೆಗೆ ತಿದ್ದುಪಡಿ ತಂದು, ಗಂಭೀರ ಹಲ್ಲೆಗೆ ಏಳು ವರ್ಷದವರೆಗೆ ಜೈಲು ಎಂದಿತು. ಕಾನೂನು ಇರಲಿ. ನಮ್ಮಲ್ಲಿಗೆ ಬಂದ ಇಬ್ಬರು ಕಾರ್ಯಕರ್ತೆಯರಿಗೆ ಲಿಫ್ಟಿನಲ್ಲಿ ಜೊತೆಗೆ ಹೋಗಲು ಪ್ರತಿ ಬ್ಲಾಕಿನಿಂದ ಒಬ್ಬರನ್ನು ಕೊಟ್ಟೆವು, ಮೊದಲು ಕಾಫಿ ಕೊಟ್ಟೆವು. ಒಂದೂ ಬಾಗಿಲು ಮುಚ್ಚಲಿಲ್ಲ.

ಕಾಯಿಲೆಯವರ ಹೆಸರು, ಫ್ಲ್ಯಾಟ್ ನಂಬರ್ ಗ್ರೂಪಿನಲ್ಲಿ ಬರಬಾರದು. ‘ಎ ಬ್ಲಾಕಿನಲ್ಲಿ ಒಂಬತ್ತು’ ಅಷ್ಟೇ ಸಾಕು. ಹಾಕಿದವರ ಮೆಸೇಜನ್ನು ತಕ್ಷಣ ಅಳಿಸಿ, ಆಮೇಲೆ ಅವರಿಗೇ ಫೋನ್ ಮಾಡಿ.

ಟಿವಿಯವರು ಬಂದರೆ ಗೇಟಿನಲ್ಲಿ ತಡೆದು ನೂಕಾಡಬೇಡಿ, ಆ ನೂಕಾಟವೇ ಸುದ್ದಿಯಾಗುತ್ತದೆ. ಒಬ್ಬರು ಹೊರಗೆ ಹೋಗಿ, ಗ್ರೂಪಿಗೆ ಹಾಕಿದ ಅದೇ ಮಾತನ್ನು ಕ್ಯಾಮೆರಾಕ್ಕೂ ಹೇಳಿ. ಮಕ್ಕಳನ್ನು ಚಿತ್ರೀಕರಿಸಬೇಡಿ ಎಂದು ಕೇಳಿಕೊಳ್ಳಿ. ನಮ್ಮಲ್ಲಿಗೆ ಬಂದ ಹುಡುಗ ನಾಲ್ಕು ನಿಮಿಷದಲ್ಲಿ ಹೊರಟ, ಅವನಿಗೆ ಬೇಕಾದ ಜಗಳ ಸಿಗಲಿಲ್ಲ.

ಮುಗಿಸುವುದು

ಹೊಸ ಕೇಸ್ ನಿಂತ ಮೇಲೆ ಸುಮ್ಮನಾಗಿಬಿಡಬೇಡಿ. ಮುಗಿಯಿತು ಎಂದೂ ಒಂದು ಮೆಸೇಜು ಬೇಕು. ಎಷ್ಟು ಜನರಿಗೆ ಬಂತು, ಕಾರಣ ಏನು, ಏನು ದುರಸ್ತಿ ಆಯಿತು, ಎಷ್ಟು ಖರ್ಚಾಯಿತು, ಮುಂದಿನ ನೀರಿನ ಪರೀಕ್ಷೆ ಯಾವ ತಾರೀಕು. ನಮ್ಮಲ್ಲಿ ಬಿರುಕಿನ ಫೋಟೋ, ಲ್ಯಾಬ್ ರಿಪೋರ್ಟ್, ಬಿಲ್‌ಗಳ ನಕಲು ಎಲ್ಲ ನೋಟಿಸ್ ಬೋರ್ಡಿನಲ್ಲಿ ಒಂದು ತಿಂಗಳು ಇತ್ತು. ಖಜಾಂಚಿ ಹೆದರಿದ ಹಾಗೆ ಬಾಡಿಗೆಗೆ ಬರಬೇಕಿದ್ದ ಒಂದು ಸಂಸಾರ ಹಿಂದೆ ಸರಿದದ್ದು ನಿಜ. ಆ ಬೋರ್ಡ್ ಓದಿ ಬಂದವರು ಇನ್ನೊಬ್ಬರು. ‘ಇಷ್ಟೆಲ್ಲ ಹಾಕಿದ್ದೀರಲ್ಲ’ ಅಂತ ಅಡ್ವಾನ್ಸ್ ಕೊಟ್ಟು ಹೋದರು.

ಕೊನೆಗೆ ಫೋನ್ ನಂಬರುಗಳು. ಗಾರ್ಡ್ ಕೋಣೆಯ ಗೋಡೆಗೆ ಅಂಟಿಸಿ: ಆಂಬುಲೆನ್ಸಿಗೆ 108, ಆರೋಗ್ಯ ಸಹಾಯವಾಣಿ 104, ಜಲಮಂಡಳಿ 1916. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರನ್ನು ಒಮ್ಮೆ ಖುದ್ದಾಗಿ ಹೋಗಿ ತಗೊಂಡು ಬನ್ನಿ, ಮುಖ ಪರಿಚಯವೂ ಆಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನಮ್ಮ ಗೋಡೆಯ ಮೇಲಿದ್ದ ಪಟ್ಟಿಯಲ್ಲಿ ಮೂರು ನಂಬರ್ ಆಗಲೇ ಹಳೆಯದಾಗಿತ್ತು, ಹೊಡೆದು ಬರೆದೆ. ಪಟ್ಟಿಯ ಕೆಳಗೆ ತಾರೀಕು ಹಾಕಿಡಿ.